ವಿಲಿಯಂ ಕೇರಿಯವರೂ ಅವರ ಮನೆಯ ದುಃಖವೂ

ವಿಲಿಯಂ ಕೇರಿಯವರ ಹೆಸರನ್ನು ಕೇಳದವರು ನಮ್ಮ ಸಭೆಗಳಲ್ಲಿ ವಿರಳ. ಜೋಡು ಹೊಲಿಯುತ್ತಿದ್ದ ಬಡವನೊಬ್ಬನು ಬಂಗಾಳಕ್ಕೆ ಬಂದು ಸತ್ಯವೇದವನ್ನು ಅನೇಕ ಭಾಷೆಗಳಿಗೆ ತಿರುಗಿಸಿದ ಸಂಗತಿಯನ್ನು ಭಾನುವಾರದ ಪಾಠಶಾಲೆಯ ಮಕ್ಕಳೂ ಬಲ್ಲರು. ಆದರೆ ಆ ಭಾಷಾಂತರವು ನಡೆಯುತ್ತಿದ್ದ ಮೇಜಿನ ಪಕ್ಕದ ಕೋಣೆಯಲ್ಲಿ ಹನ್ನೆರಡು ವರ್ಷಗಳ ಕಾಲ ಏನು ನಡೆಯುತ್ತಿತ್ತೆಂಬುದನ್ನು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಹೇಳಿ ಮುಂದಕ್ಕೆ ಹೋಗುವುದು ವಾಡಿಕೆ. ಪ್ರಿಯ ವಾಚಕರೇ, ಈ ತಿಂಗಳು ಆ ಕೋಣೆಯ ಬಾಗಿಲನ್ನು ಸ್ವಲ್ಪ ತೆರೆದು ನೋಡೋಣ. ಯಾಕಂದರೆ ಶಿಕಾರಿಪುರ, ಸೊರಬ ಸೀಮೆಗಳ ನಮ್ಮ ಹಳ್ಳಿಗಳಲ್ಲಿಯೂ ಅಂಥ ಕೋಣೆಯುಳ್ಳ ಮನೆಗಳಿವೆ. ಶುಂಠಿಯು ಕೊಳೆತುಹೋದ ವರ್ಷದಿಂದ ಮಾತು ಬಿಟ್ಟ ತಂದೆ, ಸಂಘದ ಸಾಲದ ಕಂತನ್ನು ನೆನಸಿ ರಾತ್ರಿಯೆಲ್ಲಾ ನಿದ್ರೆಯಿಲ್ಲದೆ ಕುಳಿತಿರುವ ತಾಯಿ, ಪಟ್ಟಣದ ಕೆಲಸವನ್ನು ಕಳೆದುಕೊಂಡು ಬಂದು ಬಾಗಿಲು ಹಾಕಿಕೊಂಡಿರುವ ಮಗ, ಇಂಥವರನ್ನು ಮನೆಯವರು ನೆಂಟರ ಕಣ್ಣಿಗೆ ಬೀಳದಂತೆ ಇಡುತ್ತಾರೆ. ಸಭೆಯವರು ವಿಚಾರಿಸಿದರೆ ಮೈಯಲ್ಲಿ ಚೆನ್ನಾಗಿಲ್ಲವೆಂದು ಹೇಳಿ ಮಾತನ್ನು ಮುಗಿಸುತ್ತಾರೆ. ಇಂಥ ಮನೆಗಳಿಗೆ ಕೇರಿಯವರ ಚರಿತ್ರೆಯು ಹೇಳಬೇಕಾದದ್ದೊಂದಿದೆ.

ಕೇರಿಯವರು 1761ನೆಯ ಇಸವಿ ಆಗಸ್ಟ್ ತಿಂಗಳ 17ನೆಯ ತಾರೀಖಿನಲ್ಲಿ ಇಂಗ್ಲೆಂಡ್ ದೇಶದ ನಾರ್ತಾಂಪ್ಟನ್ ಸೀಮೆಯ ಪಾಲರ್ಸ್‌ಪರಿ ಎಂಬ ಗ್ರಾಮದಲ್ಲಿ ಹುಟ್ಟಿದರು. ತಂದೆಯು ನೇಕಾರನಾಗಿದ್ದು ತರುವಾಯ ಊರ ಶಾಲೆಯ ಉಪಾಧ್ಯಾಯನಾದನು. ಬಾಲಕನ ಚರ್ಮಕ್ಕೆ ಬಿಸಿಲು ತಾಕಿದರೆ ನೋವಾಗುತ್ತಿದ್ದುದರಿಂದ ಹೊಲದ ಕೆಲಸವು ಸಾಗಲಿಲ್ಲ. ಆದದರಿಂದ ಸುಮಾರು ಹದಿನಾಲ್ಕು ವರ್ಷದವನಾಗಿದ್ದಾಗ ಅವನನ್ನು ಜೋಡು ಹೊಲಿಯುವವನ ಬಳಿಯಲ್ಲಿ ಕೆಲಸ ಕಲಿಯಲು ಬಿಟ್ಟರು. 1781ರಲ್ಲಿ, ಇನ್ನೂ ಇಪ್ಪತ್ತು ತುಂಬುವುದಕ್ಕೆ ಮುಂಚೆ, ಅವರು ಡೊರೊಥಿ ಪ್ಲಾಕೆಟ್ ಎಂಬಾಕೆಯನ್ನು ಮದುವೆಯಾದರು. ಆಕೆಯು ಗಂಡನಿಗಿಂತ ಐದಾರು ವರ್ಷ ದೊಡ್ಡವರು. ಓದು ಬರಹ ಬಾರದವರಾದ್ದರಿಂದ ಮದುವೆಯ ದಾಖಲೆಯಲ್ಲಿ ಹೆಸರಿಗೆ ಬದಲಾಗಿ ಒಂದು ಗುರುತನ್ನು ಎಳೆದರು. ನಮ್ಮ ಅಜ್ಜಿಯರಲ್ಲಿ ಎಷ್ಟೋ ಮಂದಿ ಹೆಬ್ಬೆಟ್ಟು ಒತ್ತಿದಂತೆಯೇ ಇದೂ.

ಆ ಮನೆಯಲ್ಲಿ ಬಡತನವು ಮೊದಲಿನಿಂದಲೇ ಇತ್ತು. ಮೊದಲನೆಯ ಮಗಳು ಎರಡು ವರ್ಷದ ಕೂಸಾಗಿರುವಾಗ ಜ್ವರದಿಂದ ತೀರಿಹೋಯಿತು. ಅದೇ ಜ್ವರವು ತಂದೆಯನ್ನೂ ಹಿಡಿದು, ಅವರ ತಲೆಯ ಕೂದಲು ಉದುರಿಹೋಯಿತು. ಮುಂದೆ ಇನ್ನೊಂದು ಹೆಣ್ಣು ಮಗುವೂ ಹೋಯಿತು. ಕೇರಿಯವರು ಜೋಡು ಹೊಲಿಯುತ್ತಾ, ಶಾಲೆ ನಡಿಸುತ್ತಾ, ಬಡ ಸಭೆಯೊಂದಕ್ಕೆ ಬೋಧಿಸುತ್ತಾ, ರಾತ್ರಿ ಕಾಲದಲ್ಲಿ ಗ್ರೀಕ್ ಹೀಬ್ರೂ ಭಾಷೆಗಳನ್ನು ಕಲಿತರು. ಆ ವಿದ್ಯೆಯನ್ನು ನಾವು ಕೊಂಡಾಡುತ್ತೇವೆ, ಅದು ಯುಕ್ತವೇ. ಆದರೆ ಆ ಕಾಲವೆಲ್ಲಾ ಅರೆಹೊಟ್ಟೆಯ ಮನೆಯನ್ನು ನಡಿಸಿದ ಕೈ ಡೊರೊಥಿಯಮ್ಮನವರದೆಂಬುದನ್ನೂ ಮರೆಯಬಾರದು.

1792ನೆಯ ಇಸವಿ ಅಕ್ಟೋಬರ್ 2ನೆಯ ತಾರೀಖಿನಲ್ಲಿ ಕೆಟರಿಂಗ್ ಎಂಬ ಊರಿನಲ್ಲಿ ಬ್ಯಾಪ್ಟಿಸ್ಟ್ ಮಿಶನ್ ಸಂಘವು ಸ್ಥಾಪಿತವಾಯಿತು. ಮರುವರ್ಷದ ಮೊದಲಲ್ಲಿ ಕೇರಿಯವರು ಜಾನ್ ಥಾಮಸ್ ಎಂಬ ವೈದ್ಯರ ಸಂಗಡ ಬಂಗಾಳಕ್ಕೆ ಹೋಗಲು ಒಪ್ಪಿಕೊಂಡರು. ಹೆಂಡತಿಯು ಮಾತ್ರ ಒಪ್ಪಲಿಲ್ಲ. ಆಕೆಯು ಆಗ ಗರ್ಭಿಣಿ, ಮನೆಯಲ್ಲಿ ಚಿಕ್ಕ ಮಕ್ಕಳು, ತನ್ನ ದೇಶವನ್ನು ಬಿಟ್ಟು ಎಂದೂ ಹೊರಗೆ ಹೋದವರಲ್ಲ. ಕೇರಿಯವರು ಹಿರಿಯ ಮಗನಾದ ಫೀಲಿಕ್ಸನನ್ನು ಮಾತ್ರ ಕರಕೊಂಡು ಹೊರಟರು. ಆದರೆ ಥಾಮಸರ ಸಾಲದ ತೊಡಕುಗಳಿಂದಲೂ ಅಪ್ಪಣೆಯ ಚೀಟಿಯಿಲ್ಲದ್ದರಿಂದಲೂ ಹಡಗಿನವರು ಅವರನ್ನು ಇಳಿಸಿಬಿಟ್ಟರು. ಹೀಗೆ ತಡವಾದ ಸಮಯದಲ್ಲಿ ಥಾಮಸರು ಆಕೆಯ ಮನೆಗೆ ಹೋಗಿ ಬಹಳವಾಗಿ ಒತ್ತಾಯಿಸಲಾಗಿ, ತಂಗಿಯಾದ ಕ್ಯಾಥರೀನಳು ಜೊತೆಗೆ ಬರುವುದಾದರೆ ತಾನೂ ಬರುವೆನೆಂದು ಆಕೆಯು ಒಪ್ಪಿದರು. ಒಂದೆರಡು ದಿವಸಗಳಲ್ಲಿ ಗಂಟುಮೂಟೆ ಕಟ್ಟಿ, ಹುಟ್ಟಿ ಎರಡು ತಿಂಗಳೂ ತುಂಬದ ಕೂಸನ್ನು ಎತ್ತಿಕೊಂಡು, 1793ರ ಜೂನ್ 13ರಂದು ಹಡಗು ಹತ್ತಿದರು. ಐದು ತಿಂಗಳ ಪ್ರಯಾಣದ ತರುವಾಯ ನವಂಬರ್ 11ರಂದು ಕಲ್ಕತ್ತೆಯನ್ನು ಮುಟ್ಟಿದರು.

ಇಲ್ಲಿ ಒಂದು ಮಾತನ್ನು ಮುಚ್ಚದೆ ಹೇಳಬೇಕು. ಕೇರಿಯವರ ಕರೆಯು ದೇವರಿಂದ ಬಂದದ್ದೆಂದು ನಾವು ನಂಬುತ್ತೇವೆ. ಆದರೂ ಹೆಂಡತಿಯ ಮನಸ್ಸನ್ನು ಸಿದ್ಧಪಡಿಸುವುದಕ್ಕೆ ಮುಂಚೆಯೇ ಅವರು ಸಂಘದವರಿಗೆ ಮಾತು ಕೊಟ್ಟಿದ್ದರು. ಆಕೆಯ ಒಪ್ಪಿಗೆಯು ಅವಸರದಲ್ಲಿ ಹೊಂದಿಸಿದ ಒಪ್ಪಿಗೆಯಾಗಿತ್ತು. ದೇವಭಕ್ತನ ಮನೆಯಲ್ಲಿಯೂ ಇಂಥ ಕುಂದು ಇರಬಹುದೆಂದು ತಿಳಿಯುವುದು ಭಕ್ತನ ಅವಮಾನಕ್ಕಾಗಿ ಅಲ್ಲ, ನಮ್ಮ ಎಚ್ಚರಿಕೆಗಾಗಿಯೇ.

ಕಲ್ಕತ್ತೆಯಲ್ಲಿ ಕಷ್ಟಗಳು ಒಂದರ ಹಿಂದೆ ಒಂದು ಬಂದವು. ಹಣವು ಥಾಮಸರ ಕೈಯಲ್ಲಿತ್ತು. ಅವರು ದಯಾಳುಗಳಾದರೂ ಲೆಕ್ಕವಿಲ್ಲದೆ ಖರ್ಚು ಮಾಡುವವರಾದ್ದರಿಂದ ವರ್ಷಕ್ಕೆಂದು ತಂದದ್ದು ಕೆಲವೇ ವಾರಗಳಲ್ಲಿ ಮುಗಿಯಿತು. ಕೇರಿಯವರ ಸಂಸಾರವು ಮನೆಯಿಂದ ಮನೆಗೆ ಅಲೆದು, ಒಬ್ಬ ಸಾಹುಕಾರನು ದಯೆಯಿಂದ ಕೊಟ್ಟ ಚಿಕ್ಕ ಮನೆಯಲ್ಲಿ ತಂಗಿತು. ಡೊರೊಥಿಯಮ್ಮನವರೂ ಮಕ್ಕಳೂ ರಕ್ತಭೇದಿಯಿಂದ ಹಾಸಿಗೆ ಹಿಡಿದರು. 1794ರ ಮೊದಲಲ್ಲಿ ಹುಲಿಗಳು ತಿರುಗುವ ಸುಂದರಬನದ ಅಂಚಿಗೆ ಹೋಗಿ ಗುಡಿಸಲು ಕಟ್ಟಲು ತೊಡಗಿದರು. ಅದು ಮುಗಿಯುವಷ್ಟರಲ್ಲಿ ಮಾಲ್ದಾ ಸೀಮೆಯ ಮುದ್ನಾಬಾಟಿ ಎಂಬಲ್ಲಿ ನೀಲಿಯ ಕಾರ್ಖಾನೆಯನ್ನು ನೋಡಿಕೊಳ್ಳುವ ಕೆಲಸ ದೊರಕಿ, ತಿಂಗಳಿಗೆ 200 ರೂಪಾಯಿ ಸಂಬಳವಾಯಿತು. ಹೊಟ್ಟೆಯ ಚಿಂತೆ ತೀರಿತು, ಆದರೆ ಆ ತಗ್ಗು ಪ್ರದೇಶದ ಜ್ವರವು ಬಿಡಲಿಲ್ಲ.

ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಐದು ವರ್ಷದ ಮಗನಾದ ಪೀಟರನು ತೀರಿಹೋದನು. ಮಗುವಿಗೆ ಗುಂಡಿ ತೋಡುವುದಕ್ಕೂ ಶವವನ್ನು ಹೊರುವುದಕ್ಕೂ ಜಾತಿಯ ಭಯದಿಂದ ಜನರು ಸಿಕ್ಕಲಿಲ್ಲ. ಬಹಳ ಕಷ್ಟದಿಂದ ಕೆಲವು ಮುಸಲ್ಮಾನರನ್ನು ಒಪ್ಪಿಸಿದರು. ಆ ಕೆಲಸ ಮಾಡಿದ್ದಕ್ಕಾಗಿ ಅವರ ಊರವರು ಅವರನ್ನೇ ಹೊರಗಿಟ್ಟರು. ಊರೊಳಗಿನ ದ್ವೇಷದಿಂದ ಹೆಣವನ್ನೆತ್ತಲು ನಾಲ್ಕು ಹೆಗಲು ಸಿಕ್ಕದ ಮನೆಯ ಸಂಕಟವನ್ನು ಕಂಡವರಿಗೆ ಆ ತಾಯಿಯ ಎದೆಯು ಆಗ ಹೇಗೆ ಒಡೆದಿತ್ತೆಂದು ವಿವರಿಸಿ ಹೇಳಬೇಕಾಗಿಲ್ಲ.

ಈ ಮರಣದ ತರುವಾಯ, 1795ರ ಮೊದಲಲ್ಲಿ, ಡೊರೊಥಿಯಮ್ಮನವರ ಮನಸ್ಸು ಸ್ಥಿಮಿತ ತಪ್ಪಿತು. ಗಂಡನು ತನಗೆ ದ್ರೋಹಮಾಡಿ ಬೇರೆ ಹೆಂಗಸರ ಹಿಂದೆ ಹೋಗುತ್ತಾನೆಂಬ ಭ್ರಮೆಯು ಆಕೆಯನ್ನು ಹಿಡಿಯಿತು. ಎಷ್ಟು ಸಾಕ್ಷಿ ಕೊಟ್ಟರೂ ಅದು ಹೋಗಲಿಲ್ಲ. ಬೇರೆ ವಿಷಯಗಳಲ್ಲಿ ಕೆಲವು ಸಾರಿ ಸ್ವಸ್ಥವಾಗಿಯೇ ಮಾತನಾಡುತ್ತಿದ್ದರು. ಆದರೆ ಈ ಒಂದು ವಿಷಯದಲ್ಲಿ ಗಂಡನ ಹಿಂದೆ ಹೋಗಿ ನೋಡುವುದು, ಜನರ ಮುಂದೆ ಬೈಯುವುದು, ಕೈಮಾಡುವುದು ನಡೆಯುತ್ತಿತ್ತು. ಕೆಲವು ಕಾಲ ಆಕೆಯನ್ನು ಕೋಣೆಯಲ್ಲಿರಿಸಿ ಬಾಗಿಲು ಹಾಕಬೇಕಾಯಿತು. ಇದು ನಡತೆಯ ಕೆಟ್ಟತನವೂ ಅಲ್ಲ, ನಂಬಿಕೆಯ ಕೊರತೆಯೂ ಅಲ್ಲ. ಭ್ರಮೆ ತರುವ ಮನೋರೋಗಗಳಿವೆಯೆಂದೂ, ವಾದದಿಂದ ಭ್ರಮೆಯನ್ನು ಬಿಡಿಸಲಾಗುವುದಿಲ್ಲವೆಂದೂ ಈ ಕಾಲದ ವೈದ್ಯರು ಬಲ್ಲರು. ಆ ಕಾಲದವರಿಗೆ ಅದು ತಿಳಿಯದು. ತಿಳಿದಿದ್ದರೂ ಕೊಡುವುದಕ್ಕೆ ಔಷಧವಿರಲಿಲ್ಲ.

ಕೇರಿಯವರ ಸ್ವಂತ ಮನಸ್ಸೂ ಆಗ ಆಳವಾದ ಕುಗ್ಗುವಿಕೆಗೆ ಒಳಗಾಯಿತು. ಬಂಗಾಳಕ್ಕೆ ಬಂದು ವರ್ಷ ಕಳೆದರೂ ಊರಿನಿಂದ ಒಂದು ಕಾಗದವೂ ಬರಲಿಲ್ಲ. ಬಂದಾಗ, ಅವರು ನೀಲಿಯ ಕೆಲಸದಲ್ಲಿ ಮುಳುಗಿ ಸೇವೆಯನ್ನು ಮರೆತಾರೆಂಬ ಸಂಶಯದ ಮಾತುಗಳೂ ಜೊತೆಯಲ್ಲಿ ಬಂದವು. ಸಂಬಳದಲ್ಲಿ ಒಂದು ಪಾಲನ್ನು ಸೇವೆಗೇ ಕೊಡುತ್ತಿದ್ದವರಿಗೆ ಈ ಮಾತು ಎಷ್ಟು ನೋವನ್ನು ತಂದಿರಬೇಕು! ಬೋಧಿಸಿದ್ದಕ್ಕೆ ಫಲವೂ ಕಾಣಲಿಲ್ಲ. ಆ ತಿಂಗಳುಗಳ ದಿನಚರಿಯಲ್ಲಿ ಅವರು ತಮ್ಮ ಒಂಟಿತನವನ್ನೂ ಪ್ರಾರ್ಥಿಸಲಾರದ ಮನಸ್ಸನ್ನೂ ಮರೆಮಾಡದೆ ಬರೆದಿಟ್ಟಿದ್ದಾರೆ.

ಪ್ರಿಯರೇ, ಇಂಥ ಸ್ಥಿತಿಯು ದೇವಜನರಿಗೆ ಹೊಸದಲ್ಲ. ಒಂದನೆಯ ಅರಸುಗಳ ಪುಸ್ತಕದಲ್ಲಿ ಎಲೀಯನು ಸಾಯಲು ಬಯಸಿ ಅಡವಿಯಲ್ಲಿ ಗಿಡದ ಕೆಳಗೆ ಬಿದ್ದುಕೊಂಡ ವೃತ್ತಾಂತವನ್ನು ಓದುತ್ತೇವಲ್ಲವೇ? ದೇವದೂತನು ಅವನನ್ನು ಗದರಿಸಲಿಲ್ಲ, ನಂಬಿಕೆಯೆಲ್ಲಿ ಹೋಯಿತೆಂದು ಕೇಳಲಿಲ್ಲ. ರೊಟ್ಟಿಯನ್ನೂ ನೀರನ್ನೂ ಇಟ್ಟು, ತಿನ್ನಿಸಿ, ತಿರಿಗಿ ಮಲಗಗೊಟ್ಟನು. ನಡೆಯಬೇಕಾದ ದಾರಿಯ ಮಾತು ಅದಾದ ಮೇಲೆ ಬಂತು. ಮನಸ್ಸು ಮುರಿದವನಿಗೆ ಮೊದಲು ಬೇಕಾದದ್ದು ಅನ್ನವೂ ನಿದ್ರೆಯೂ ಪಕ್ಕದಲ್ಲಿ ಒಬ್ಬ ಮನುಷ್ಯನೂ ಎಂಬುದನ್ನು ಸತ್ಯವೇದವೇ ಕಲಿಸುತ್ತದೆ.

ಕೇರಿಯವರಿಗೆ ಆ ಮನುಷ್ಯರು ಬಹುಕಾಲ ದೊರಕಲಿಲ್ಲ. ಅವರು ತಮ್ಮ ದುಃಖವನ್ನು ಮೂರು ವಿಧವಾಗಿ ಸಹಿಸಿದರು. ದಿನದ ಕೆಲಸವನ್ನು ಅದರ ಹೊತ್ತಿಗೆ ಮಾಡಿದರು. ಬೆಳಿಗ್ಗೆ ತೋಟದಲ್ಲಿ ನಡೆದು ಗಿಡಗಳನ್ನು ನೋಡಿಕೊಂಡರು. ಸ್ನೇಹಿತರಿಗೂ ಇಂಗ್ಲೆಂಡಿನಲ್ಲಿದ್ದ ತಂಗಿಯರಿಗೂ ಮನೆಯ ಸಂಗತಿಯನ್ನು ಇದ್ದಂತೆಯೇ ಬರೆದರು. ಹೆಂಡತಿಯನ್ನು ಬಿಟ್ಟುಬಿಡಲಿಲ್ಲ, ಕಡೆಯ ವರೆಗೆ ತಮ್ಮ ಮನೆಯಲ್ಲಿಯೇ ಇಟ್ಟುಕೊಂಡರು. ಆದರೂ ಒಬ್ಬ ಮನುಷ್ಯನ ತಾಳ್ಮೆಯು ಒಂದು ಮನೆಯನ್ನೆಲ್ಲಾ ಹೊರಲಾರದು. ಗಂಡು ಮಕ್ಕಳು ನಾಲ್ವರೂ ಹೇಳುವವರಿಲ್ಲದೆ ಕೇಳುವವರಿಲ್ಲದೆ ಬೆಳೆಯುತ್ತಿದ್ದರು. ತಂದೆಯು ಭಾಷಾಂತರದಲ್ಲಿ, ತಾಯಿಯು ರೋಗದಲ್ಲಿ, ಮಕ್ಕಳು ಬೀದಿಯಲ್ಲಿ, ಮುದ್ನಾಬಾಟಿಯ ಕಡೆಯ ವರ್ಷಗಳು ಹೀಗೆ ಕಳೆದವು.

1800ನೆಯ ಇಸವಿ ಜನವರಿ 10ರಂದು ಈ ಸಂಸಾರವು ಕಲ್ಕತ್ತೆಯ ಸಮೀಪದಲ್ಲಿ ಡೇನ್ ದೊರೆತನದ ಕೆಳಗಿದ್ದ ಸೆರಾಂಪುರಕ್ಕೆ ಬಂದಿತು. ಅಲ್ಲಿ ಹೊಸದಾಗಿ ಬಂದಿದ್ದ ವಿಲಿಯಂ ವಾರ್ಡರೂ ಜಾಷುವಾ ಮಾರ್ಷ್‌ಮನ್ನರೂ ಅವರ ಪತ್ನಿ ಹನ್ನಾ ಅಮ್ಮನವರೂ ಜೊತೆಯಾದರು. ಎಲ್ಲಾ ಕುಟುಂಬಗಳೂ ಒಂದೇ ಮನೆಯವರಾಗಿ ಒಂದೇ ಮೇಜಿನಲ್ಲಿ ಊಟ ಮಾಡುವದೆಂದೂ, ಯಾರು ಎಷ್ಟು ಸಂಪಾದಿಸಿದರೂ ಒಂದೇ ಗಂಟಿಗೆ ಹಾಕಿ, ಅವರವರ ಖರ್ಚಿಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳುವದೆಂದೂ ನಿಶ್ಚಯಿಸಿದರು. 1801ರಲ್ಲಿ ಕೇರಿಯವರು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ತಿಂಗಳಿಗೆ 500 ರೂಪಾಯಿ ಸಂಬಳದ ಉಪಾಧ್ಯಾಯರಾದಾಗ ಆ ಸಂಬಳವೂ ಅದೇ ಗಂಟಿಗೆ ಸೇರಿತು.

ಹಣದ ವಿಷಯಕ್ಕಿಂತ ಹೆಚ್ಚಿನ ಉಪಕಾರವು ಸದ್ದಿಲ್ಲದೆ ನಡೆಯಿತು. ಹನ್ನಾ ಅಮ್ಮನವರು ತಮ್ಮ ಮಕ್ಕಳ ಜೊತೆಗೆ ಕೇರಿಯವರ ಹುಡುಗರನ್ನೂ ನೋಡಿಕೊಂಡರು. ಅವರ ಬಟ್ಟೆ, ಊಟ, ಪಾಠ, ನಡತೆ ಎಲ್ಲವೂ ಆಕೆಯ ಕಣ್ಣಿನ ಕೆಳಗೆ ಬಂದವು. ವಾರ್ಡರು ಹದಿನೈದು ವರ್ಷದ ಫೀಲಿಕ್ಸನನ್ನು ಅಚ್ಚುಕೂಟಕ್ಕೆ ಕರಕೊಂಡು, ಕೆಲಸ ಕಲಿಸುತ್ತಾ ಅಣ್ಣನಂತೆ ಬುದ್ಧಿ ಹೇಳಿದರು. ಡೊರೊಥಿಯಮ್ಮನವರ ರೋಗವು ಇದರಿಂದ ಗುಣವಾಗಲಿಲ್ಲ, ಆದರೆ ಆ ರೋಗದ ಭಾರದ ಕೆಳಗೆ ಮಕ್ಕಳು ನಜ್ಜುಗುಜ್ಜಾಗುವುದು ನಿಂತಿತು.

1800ನೆಯ ಇಸವಿ ಡಿಸೆಂಬರ್ 28ರ ಭಾನುವಾರವನ್ನು ನಮ್ಮ ಸಭೆಗಳು ಸಂತೋಷದಿಂದ ನೆನಸುತ್ತವೆ. ಅಂದು ಬಡಗಿಯಾದ ಕೃಷ್ಣಪಾಲನು ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಹೊಂದಿ ಅಲ್ಲಿನ ಸೇವೆಯ ಮೊದಲನೆಯ ಫಲವಾದನು. ಫೀಲಿಕ್ಸನಿಗೂ ಅದೇ ದಿನ ದೀಕ್ಷಾಸ್ನಾನವಾಯಿತು. ಆದರೆ ಆ ಸಮಯದಲ್ಲಿ ಮಿಶನ್ ಮನೆಯಿಂದ ಎರಡು ಕೂಗುಗಳು ಕೇಳಿಬರುತ್ತಿದ್ದವು. ಒಂದು ಡೊರೊಥಿಯಮ್ಮನವರದು. ಇನ್ನೊಂದು ಡಾಕ್ಟರ್ ಥಾಮಸರದು. ಕೃಷ್ಣಪಾಲನ ತಪ್ಪಿದ ತೋಳನ್ನು ಸರಿಪಡಿಸಿ ಅವನಿಗೆ ಸುವಾರ್ತೆ ಹೇಳಿದವರು ಥಾಮಸರೇ. ಇಷ್ಟು ವರ್ಷ ಎದುರುನೋಡಿದ ಫಲವು ಕೈಸೇರುವ ವೇಳೆಯಲ್ಲಿ, ಹಿಂದಿನಿಂದಲೂ ಒಮ್ಮೆ ಅತಿ ಹರ್ಷಕ್ಕೂ ಒಮ್ಮೆ ಅತಿ ಕುಗ್ಗುವಿಕೆಗೂ ತೂಗಾಡುತ್ತಿದ್ದ ಅವರ ಮನಸ್ಸು ಸ್ಥಿಮಿತ ಕಳೆದುಕೊಂಡಿತ್ತು. ಕೆಲವು ವಾರಗಳಲ್ಲಿ ಅವರು ಚೇತರಿಸಿಕೊಂಡರು, ಮರುವರ್ಷ ಅಕ್ಟೋಬರಿನಲ್ಲಿ ತೀರಿಹೋದರು. ದೇವರ ಕೆಲಸವು ಆರೋಗ್ಯವುಳ್ಳವರ ಕೈಯಿಂದ ಮಾತ್ರ ನಡೆಯುತ್ತದೆಂದು ಎಣಿಸುವವರು ಆ ಭಾನುವಾರವನ್ನು ನೆನಸಲಿ.

ಡೊರೊಥಿಯಮ್ಮನವರು 1807ನೆಯ ಇಸವಿ ಡಿಸೆಂಬರ್ 8ರಂದು ಜ್ವರದಿಂದ ಮರಣ ಹೊಂದಿದರು. ಅಷ್ಟರೊಳಗೆ ಬಂಗಾಳಿ ಹೊಸ ಒಡಂಬಡಿಕೆಯು ಅಚ್ಚಾಗಿ ಆರು ವರ್ಷಗಳು ಸಂದಿದ್ದವು. ಆ ಪುಸ್ತಕದ ಹಾಳೆಗಳನ್ನು ತಿದ್ದುವಾಗ ಪಕ್ಕದ ಕೋಣೆಯ ಕೂಗನ್ನು ಕೇಳುತ್ತಲೇ ಕೇರಿಯವರು ಬರೆದರು. ಆ ಕೆಲಸದಲ್ಲಿ ಆಕೆಯ ಪಾಲೂ ಇದೆಯೆಂದು ಹೇಳಿದರೆ ತಪ್ಪಾಗದು. ಆಕೆಯು ತನ್ನ ಊರನ್ನೂ ಮಗನನ್ನೂ ಮನಸ್ಸಿನ ಸ್ವಸ್ಥತೆಯನ್ನೂ ಕಳೆದುಕೊಂಡು ಆ ಮನೆಯಲ್ಲಿ ಬಾಳಿದರು. ಮುಂದಿನ ವರ್ಷ ಕೇರಿಯವರು ಷಾರ್ಲೆಟ್ ರೂಮೋರ್ ಎಂಬ ಡೇನ್ ಸ್ತ್ರೀಯನ್ನು ಮದುವೆಯಾದರು. ದೇಹದಲ್ಲಿ ಬಲಹೀನರಾಗಿದ್ದ ಆಕೆಯು 1821ರಲ್ಲಿ ತೀರಿಹೋಗುವ ವರೆಗೂ ಆ ಮನೆಯಲ್ಲಿ ಸಮಾಧಾನವಿತ್ತು.

ಕನ್ನಡ ನುಡಿಯವರಾದ ನಮಗೆ ಕೇರಿಯವರ ಮೇಲೆ ಬೇರೊಂದು ಋಣವಿದೆ. 1812ನೆಯ ಇಸವಿ ಮಾರ್ಚ್ 11ರ ರಾತ್ರಿ ಸೆರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿದ್ದು, ವರ್ಷಗಳ ಬರಹಗಳು ಸುಟ್ಟುಹೋದವು. ಅವುಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯ ಪ್ರತಿಯೂ ಇತ್ತು. ಮುದ್ನಾಬಾಟಿಯಲ್ಲಿ ಒಬ್ಬರೇ ಇದ್ದಾಗ ಇಂಥ ನಷ್ಟವಾಗಿದ್ದರೆ ಅವರು ತಾಳುತ್ತಿದ್ದರೋ ಇಲ್ಲವೋ! ಈಗಲಾದರೋ ಜೊತೆಗಾರರಿದ್ದರು. ವಾರ್ಡರು ಬೂದಿಯೊಳಗಿಂದ ಕರಗಿದ ಸೀಸವನ್ನೂ ಉಳಿದ ಅಚ್ಚುಗಳನ್ನೂ ತೆಗೆಸಿ ಹೊಸ ಅಕ್ಷರಗಳನ್ನು ಎರೆಸಿದರು. ಬ್ರಿಟನ್ನಿನ ಸಭೆಗಳು ನಷ್ಟಕ್ಕೆ ತಕ್ಕ ಹಣವನ್ನು ಕೂಡಿಸಿ ಕಳುಹಿಸಿದವು. ಕೇರಿಯವರು ಮೊದಲಿನಿಂದ ತಿರಿಗಿ ಬರೆಯತೊಡಗಿದರು. ಅವರ ಕನ್ನಡ ವ್ಯಾಕರಣವು 1817ರಲ್ಲಿ ಅಚ್ಚಾಗಿ ಹೊರಬಂದಿತು. ಹೊಸ ಒಡಂಬಡಿಕೆಯೂ ತರುವಾಯ ಅಲ್ಲಿಯೇ ಕನ್ನಡದಲ್ಲಿ ಅಚ್ಚಾಯಿತು.

ಮನಸ್ಸಿನ ಗಾಯವು ಆ ಮನೆಗೆ ಇನ್ನೊಂದು ಸಾರಿ ಬಂತು. 1814ರಲ್ಲಿ ಬರ್ಮಾ ದೇಶದ ಐರಾವತಿ ನದಿಯಲ್ಲಿ ಹಡಗು ಮಗುಚಿ ಫೀಲಿಕ್ಸನ ಹೆಂಡತಿಯೂ ಮಕ್ಕಳೂ ಮುಳುಗಿಹೋದರು. ಅವನು ಬುದ್ಧಿ ಚದರಿದವನಾಗಿ ಸುಮಾರು ಮೂರು ವರ್ಷ ಗಡಿಸೀಮೆಗಳಲ್ಲಿ ಅಲೆದನು. 1818ರಲ್ಲಿ ವಾರ್ಡರು ಅವನನ್ನು ಚಿತ್ತಗಾಂಗಿನಲ್ಲಿ ಕಂಡು, ತಿರಿಗಿ ಮನೆಗೆ ಕರತಂದರು. ಹುಡುಗನಾಗಿದ್ದಾಗ ಹಿಡಿದ ಕೈಯನ್ನೇ ಅವರು ಆಗಲೂ ಹಿಡಿದರು. ಫೀಲಿಕ್ಸನು ಸೆರಾಂಪುರದಲ್ಲಿ ಸ್ವಸ್ಥನಾಗಿ, ಬಂಗಾಳಿ ಭಾಷೆಯಲ್ಲಿ ವಿದ್ಯಾಗ್ರಂಥಗಳನ್ನು ಬರೆದು, 1822ರಲ್ಲಿ ತೀರಿಹೋದನು. ತಂದೆಯಾದ ಕೇರಿಯವರು 1834ನೆಯ ಇಸವಿ ಜೂನ್ 9ರಂದು ಸೆರಾಂಪುರದಲ್ಲಿಯೇ ಕರ್ತನಲ್ಲಿ ನಿದ್ರೆಹೋದರು.

ಈ ಚರಿತ್ರೆಯು ನಮಗೆ ಏನು ಕಲಿಸುತ್ತದೆ? ಮನೋರೋಗವು ಪ್ರಾರ್ಥನೆ ಮಾಡುವ ಮನೆಗೂ ಬರುತ್ತದೆ. ಆದದರಿಂದ ಅದನ್ನು ಗಾಳಿ ಸೋಕಿತೆಂದೋ ಮಾಟವೆಂದೋ ಗುಪ್ತ ಪಾಪದ ಶಿಕ್ಷೆಯೆಂದೋ ಹೇಳಿ ತಾಯತಕ್ಕೂ ಮಂತ್ರವಾದಿಗೂ ಸಾಲದ ಮೇಲೆ ಸಾಲ ಮಾಡಬಾರದು. ಸುವಾರ್ತೆ ಬರೆದ ಲೂಕನು ವೈದ್ಯನಾಗಿದ್ದನು. ವೈದ್ಯನ ಬಳಿಗೆ ಹೋಗುವುದು ಅಪನಂಬಿಕೆಯಲ್ಲ. ಡೊರೊಥಿಯಮ್ಮನವರಂಥ ರೋಗಿಗಳ ಭ್ರಮೆಯನ್ನು ತಗ್ಗಿಸುವ ಔಷಧವು ಬಳಕೆಗೆ ಬಂದದ್ದು 1952ರಲ್ಲಿ, ಅಂದರೆ ಆಕೆಯು ತೀರಿಹೋಗಿ 145 ವರ್ಷಗಳ ಮೇಲೆ. ಆಕೆಗೆ ದೊರಕದೆ ಹೋದದ್ದು ನಮಗೆ ದೊರಕುತ್ತದೆ. ನಮ್ಮದೇ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ವೈದ್ಯರು 2005ರಿಂದ ಹಳ್ಳಿಗಳ ಇಂಥ ರೋಗಿಗಳನ್ನು ಹುಡುಕಿ, ಅವರ ಊರಿನ ಸಮೀಪದಲ್ಲಿಯೇ ಚಿಕಿತ್ಸೆ ಕೊಡುವ ಕೆಲಸವನ್ನು ನಡಿಸಿದರು. ವರ್ಷಗಟ್ಟಲೆ ಕೋಣೆಯಲ್ಲಿದ್ದವರಲ್ಲಿ ಅನೇಕರು ಗದ್ದೆ ತೋಟದ ಕೆಲಸಕ್ಕೆ ಮರಳಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿದರೆ ದಾರಿ ತೋರಿಸುವರು. ನಡೆದು ಹೋಗಲಾರದವರು 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತನಾಡಿ ಸಲಹೆ ಪಡೆಯಬಹುದು. ಬದುಕು ಸಾಕೆಂದು ಯಾರಾದರೂ ಬಾಯಿಬಿಟ್ಟು ಹೇಳಿದರೆ ಅದನ್ನು ಹಗುರವಾಗಿ ಎಣಿಸದೆ, ಅವರನ್ನು ಒಂಟಿಯಾಗಿ ಬಿಡದೆ, ಆ ದಿವಸವೇ ಕರಕೊಂಡು ಹೋಗಿರಿ.

ಗಂಡಂದಿರಿಗೆ ಒಂದು ಮಾತು. ಜಮೀನಿನ ಮೇಲೆ ಸಾಲವೆತ್ತುವುದಕ್ಕೆ ಮುಂಚೆ, ಊರು ಬಿಡುವುದಕ್ಕೆ ಮುಂಚೆ, ಹೆಂಡತಿಯನ್ನು ಕೂರಿಸಿಕೊಂಡು ಕೇಳಿರಿ, ಆಕೆಯು ಬೇಡವೆಂದರೆ ಆ ಮಾತಿಗೂ ಬೆಲೆ ಕೊಡಿರಿ. ಸಭೆಯವರೆಲ್ಲರಿಗೂ ಒಂದು ಮಾತು. ನಾವೆಲ್ಲರೂ ಕೇರಿಯವರಂತೆ ವ್ಯಾಕರಣ ಬರೆಯಲಾರೆವು. ಹನ್ನಾ ಅಮ್ಮನವರು ಮಾಡಿದ್ದನ್ನಾದರೋ ಯಾವ ಮನೆಯವರೂ ಮಾಡಬಹುದು. ನೆರೆಮನೆಯ ತಾಯಿಯು ಮಲಗಿರುವಾಗ ಆಕೆಯ ಮಕ್ಕಳಿಗೆ ತಲೆ ಬಾಚಿ, ಊಟವಿಕ್ಕಿ, ಶಾಲೆಗೆ ಕಳುಹಿಸುವುದು, ಸಾಲದ ಚಿಂತೆಯಿಂದ ಮಂಕಾದವನ ಗದ್ದೆಯಲ್ಲಿ ಒಂದು ದಿನ ನಾಲ್ಕು ಮಂದಿ ಕೂಡಿ ನಾಟಿ ಮುಗಿಸಿಕೊಡುವುದು, ಬಾಗಿಲು ಹಾಕಿರುವ ಮನೆಯ ಮುಂದೆ ನಿಂತು ಹೆಸರು ಹಿಡಿದು ಕರೆಯುವುದು, ಇವು ಓದು ಬಾರದವರಿಗೂ ಸಾಧ್ಯವಾದ ಸೇವೆಗಳು. ಮುಚ್ಚಿದ ಬಾಗಿಲುಗಳನ್ನು ಕಾಣುವ ಕಣ್ಣನ್ನೂ ಅವುಗಳನ್ನು ಮೆಲ್ಲಗೆ ತಟ್ಟುವ ಕೈಯನ್ನೂ ಕರ್ತನು ನಮ್ಮೆಲ್ಲರಿಗೆ ದಯಪಾಲಿಸಲಿ.